ದೀಪ ದೊಡ್ಡದು ಮಾಡುವುದು

ನಮ್ಮ ಅಜ್ಜಿ ತನ್ನ ಜೀವಮಾನದಲ್ಲಿ ಒಮ್ಮೆಯೂ ದೀಪ ಆರಿಸಿದವಳಲ್ಲ. ರಾತ್ರಿ ಊಟವಾಗಿ, ಪಾತ್ರೆಗಳನ್ನು ಬೋರಲು ಹಾಕಿ, ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಬಂದು ಹಾಸಿಗೆಯ ಮೇಲೆ ಕುಳಿತ ಮೇಲೆ, “ದೀಪ ದೊಡ್ಡದು ಮಾಡಪ್ಪ” ಎನ್ನುತ್ತಿದ್ದಳು. ನಾನು ಎದ್ದು ಹೋಗಿ ಲಾಂದ್ರದ ಬತ್ತಿ ಇಳಿಸುತ್ತಿದ್ದೆ. ಮನೆ ಕತ್ತಲಾಗುತ್ತಿತ್ತು. ಆರಿಸುವುದಕ್ಕೆ ದೊಡ್ಡದು ಮಾಡುವುದೆಂಬ ಹೆಸರೇಕೆ ಎಂದು ಕೇಳಿದರೆ, ‘ಆರಿತು’ ಎನ್ನಬಾರದು, ಅದು ಅಶುಭ, ಎಂಬಷ್ಟೇ ಉತ್ತರ. ಹಳೆಯ ಮೈಸೂರಿನ ಕಡೆಯ ಮನೆಗಳಲ್ಲಿ ಈ ಮಾತನ್ನು ಕೇಳದವರು ವಿರಳ. ಸ್ಕೂಲಿನಲ್ಲಿ ವಿಜ್ಞಾನ ಕಲಿತ ಮೇಲೆ ನಾನು ಇದನ್ನು ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿ ಮರೆತುಬಿಟ್ಟೆ. ಆಮೇಲೆ ನಾನೇ ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ. ಬೆಳಕೆಂದರೆ ಒಳ್ಳೆಯದು, ಕತ್ತಲೆಂದರೆ ಕೆಟ್ಟದ್ದು ಎಂಬ ಭಾವನೆಯಲ್ಲಿಯೇ ಹೇಳಿಕೊಟ್ಟೆ. ಈ ಇಳಿವಯಸ್ಸಿನಲ್ಲಿ ಎದುರು ಮನೆಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿ, ಅಜ್ಜಿಯ ಮಾತನ್ನು ಮತ್ತೆ ನೆನಪಿಗೆ ತಂದಳು.

ಹುಡುಗಿ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಬೇತಮಂಗಲದಿಂದಲೂ ಸುತ್ತಲ ಹಳ್ಳಿಗಳಿಂದಲೂ ಇಂಥ ಹೆಣ್ಣುಮಕ್ಕಳು ಈಗ ಅನೇಕರು. ಸಂಜೆ ಬಸ್ಸು ಬಂದು ಕರೆದುಕೊಂಡು ಹೋಗುತ್ತದೆ, ಬೆಳಗ್ಗೆ ತಂದು ಬಿಡುತ್ತದೆ. ನಾನು ಕೆರೆಯ ಏರಿಯ ಮೇಲೆ ತಿರುಗಾಡಲು ಹೊರಡುವ ಹೊತ್ತಿಗೆ ಆಕೆ ಬಸ್ಸಿನಿಂದ ಇಳಿಯುತ್ತಾಳೆ. ನನ್ನ ಬೆಳಗು ಆಕೆಯ ರಾತ್ರಿ. “ಏನಮ್ಮ, ಕೆಲಸ ಆಯಿತೆ?” ಎನ್ನುತ್ತೇನೆ, “ಆಯಿತು ಮೇಷ್ಟ್ರೇ” ಎಂದು ತಲೆ ಬಗ್ಗಿಸಿ ಹೋಗುತ್ತಾಳೆ. ನಮ್ಮ ಮಾತುಕತೆ ಅಷ್ಟೇ.

ಒಂದು ಭಾನುವಾರ ಆಕೆ ಮನೆಗೇ ಬಂದಳು. ಯಾರೋ ಫೋನಿಗೆ ಕಳಿಸಿದ ಸುದ್ದಿಯೊಂದನ್ನು ತೋರಿಸಿ, “ಮೇಷ್ಟ್ರೇ, ರಾತ್ರಿ ಹೊತ್ತು ಲೈಟಿನ ಕೆಳಗೆ ಕೆಲಸ ಮಾಡಿದರೆ ಹೆಂಗಸರಿಗೆ ಕ್ಯಾನ್ಸರ್ ಬರುತ್ತಂತೆ. ನಿಜವಾ?” ಎಂದಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಅರ್ಧ ನಿಜ, ಅರ್ಧ ಗುಲ್ಲು. ಆದರೆ ಮಗುವಿನ ಮುಖದಲ್ಲಿದ್ದ ಹೆದರಿಕೆ ಪೂರ್ತಿ ನಿಜ. ಹಿರಿಯನೆಂಬ ಹಮ್ಮಿನಲ್ಲಿ, “ಬಿಟ್ಟುಬಿಡಮ್ಮ ಆ ಕೆಲಸ” ಎಂದುಬಿಟ್ಟೆ. ಆಕೆ ಒಂದು ಕ್ಷಣ ನನ್ನನ್ನೇ ನೋಡಿ, “ಬಿಟ್ಟು ಏನು ಮಾಡಲಿ ಮೇಷ್ಟ್ರೇ?” ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ತಮ್ಮನ ಕಾಲೇಜಿನ ಫೀಸು, ಮನೆಯ ಸಾಲದ ಕಂತು, ಎಲ್ಲವೂ ಆ ಸಂಬಳದಿಂದ ಸಾಗುತ್ತಿದ್ದುದು ನನಗೆ ಗೊತ್ತಿತ್ತು. ನನ್ನ ಸಲಹೆಗೆ ನಾನು ತೆರಬೇಕಾದ ಬೆಲೆ ಏನೂ ಇರಲಿಲ್ಲ. ಆದುದರಿಂದಲೇ ಅದು ಅಷ್ಟು ಸುಲಭವಾಗಿ ಬಾಯಿಗೆ ಬಂದಿತ್ತು. “ಓದಿ ನೋಡಿ ಹೇಳುತ್ತೇನೆ” ಎಂದು ಕಳಿಸಿದೆ. ಓದಿದೆ. ಓದಿ ತಿಳಿದದ್ದನ್ನೂ, ತಿಳಿದ ಮೇಲೆ ಹುಟ್ಟಿದ ಪೇಚಾಟವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯನ ಮೆದುಳಿನ ನಡುವೆ ಬಟಾಣಿ ಕಾಳಿಗಿಂತ ಸಣ್ಣದಾದ ಪೀನಿಯಲ್ ಎಂಬ ಗ್ರಂಥಿಯಿದೆ. ಕತ್ತಲಾದ ಮೇಲೆ ಅದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. ೧೯೫೮ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯ ಆರನ್ ಲರ್ನರ್ ಮತ್ತು ಜೊತೆಗಾರರು ಇದನ್ನು ಬೇರ್ಪಡಿಸಿ ತೆಗೆದು ಮೆಲಟೋನಿನ್ ಎಂದು ಹೆಸರಿಟ್ಟರು. ಶರೀರದ ಕಣಕಣಕ್ಕೂ ‘ರಾತ್ರಿಯಾಯಿತು’ ಎಂದು ಸಾರುವ ಡಂಗುರದವನ ಕೆಲಸ ಇದರದು. ರಾತ್ರಿಯಲ್ಲಿ ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದರೆ ಈ ರಸ ಇಳಿದುಹೋಗುತ್ತದೆ ಎಂಬುದನ್ನು ೧೯೮೦ರಲ್ಲಿ ಆಲ್ಫ್ರೆಡ್ ಲೂಯಿ ಮತ್ತಿತರರು ಮನುಷ್ಯರಲ್ಲಿಯೇ ಪರೀಕ್ಷಿಸಿ ತೋರಿಸಿದರು. ಡಂಗುರದವನ ಬಾಯಿಗೆ ಬಟ್ಟೆ ತುರುಕಿದಂತೆ. ೧೯೮೭ರಲ್ಲಿ ರಿಚರ್ಡ್ ಸ್ಟೀವನ್ಸ್ ಎಂಬ ವಿಜ್ಞಾನಿ ಒಂದು ಅನುಮಾನವನ್ನು ಮುಂದಿಟ್ಟರು. ಕೈಗಾರಿಕೆ ಬೆಳೆದ ದೇಶಗಳಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು. ಆ ದೇಶಗಳಲ್ಲಿ ರಾತ್ರಿಯ ವಿದ್ಯುದ್ದೀಪವೂ ಹೆಚ್ಚು. ಈ ಎರಡಕ್ಕೂ ನಂಟಿರಬಹುದೇ ಎಂದು ಕೇಳಿದರು. ಅದು ಪ್ರಶ್ನೆ ಮಾತ್ರ, ತೀರ್ಪಲ್ಲ.

ಪ್ರಶ್ನೆಯ ಬೆನ್ನು ಹತ್ತಿದವರು ಬಹಳ ಮಂದಿ. ೨೦೦೧ರಲ್ಲಿ ಅಮೆರಿಕದ ಎಪ್ಪತ್ತೆಂಟು ಸಾವಿರಕ್ಕೂ ಮಿಕ್ಕ ದಾದಿಯರ ಹತ್ತು ವರ್ಷದ ಲೆಕ್ಕ ಹೊರಬಂದಿತು. ಮೂವತ್ತು ವರ್ಷ ಅಥವಾ ಹೆಚ್ಚು ಕಾಲ ಸರದಿಯ ರಾತ್ರಿ ಪಾಳಿ ಮಾಡಿದವರಲ್ಲಿ ಸ್ತನದ ಕ್ಯಾನ್ಸರ್ ನೂರಕ್ಕೆ ಮೂವತ್ತಾರರಷ್ಟು ಹೆಚ್ಚು ಕಂಡಿತು. ಈ ಮಾತನ್ನು ತಪ್ಪಾಗಿ ತಿಳಿಯಬಾರದು: ನೂರರಲ್ಲಿ ಮೂವತ್ತಾರು ಮಂದಿಗೆ ರೋಗ ಬಂದಿತೆಂದಲ್ಲ. ಲೆಕ್ಕದ ಸಲುವಾಗಿ ಹೇಳುವುದಾದರೆ, ಸಾವಿರ ಮಂದಿಯಲ್ಲಿ ಐವತ್ತು ಜನಕ್ಕೆ ಬರಬಹುದಾದ ಕಡೆ ಅರವತ್ತೆಂಟು ಜನಕ್ಕೆ ಬರುವುದೆಂದು ಅರ್ಥ. ೨೦೦೫ರಲ್ಲಿ ಡೇವಿಡ್ ಬ್ಲಾಸ್ಕ್ ಎಂಬವರೂ ಜೊತೆಗಾರರೂ ಇನ್ನೊಂದು ದಾರಿ ಹಿಡಿದರು. ಹೆಂಗಸರಿಂದ ಮೂರು ಬಗೆಯ ರಕ್ತ ತೆಗೆದರು: ಹಗಲಿನದು, ರಾತ್ರಿ ಕತ್ತಲೆಯದು, ರಾತ್ರಿ ಪ್ರಖರ ಬೆಳಕಿನಲ್ಲಿ ಕೂರಿಸಿದ ಮೇಲಿನದು. ಇಲಿಯ ಮೈಯಲ್ಲಿ ಬೆಳೆಸಿದ್ದ ಮನುಷ್ಯರ ಸ್ತನ ಗಡ್ಡೆಗೆ ಅದನ್ನು ಹಾಯಿಸಿದಾಗ, ಕತ್ತಲೆಯ ರಕ್ತ ಗಡ್ಡೆಯ ಬೆಳವಣಿಗೆಯನ್ನು ಅಡಗಿಸಿತು. ಬೆಳಕು ಕಂಡ ರಾತ್ರಿಯ ರಕ್ತಕ್ಕೆ ಆ ಗುಣ ಬಹುಮಟ್ಟಿಗೆ ಹೋಗಿತ್ತು. ೨೦೦೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ದೇಹದ ದಿನಚರಿಯನ್ನು ಕೆಡಿಸುವ ಪಾಳಿ ಕೆಲಸವನ್ನು ‘ಬಹುಶಃ ಕ್ಯಾನ್ಸರಿಗೆ ಕಾರಣ’ ಎಂಬ ವರ್ಗಕ್ಕೆ ಸೇರಿಸಿತು. ೨೦೧೯ರಲ್ಲಿ ಮತ್ತೆ ಎಲ್ಲವನ್ನೂ ಕೂಲಂಕಷವಾಗಿ ನೋಡಿ ರಾತ್ರಿ ಪಾಳಿಯನ್ನು ಅದೇ ವರ್ಗದಲ್ಲಿ ಉಳಿಸಿತು.

ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ೨೦೧೬ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಐದು ಲಕ್ಷಕ್ಕೂ ಹೆಚ್ಚು ಹೆಂಗಸರ ಲೆಕ್ಕ ತೆಗೆದು, ರಾತ್ರಿ ಪಾಳಿಯಿಂದ ಈ ರೋಗ ಹೆಚ್ಚಿದ್ದು ತಮಗೆ ಕಾಣಲಿಲ್ಲ ಎಂದರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಪಾಳಿ ಬಿಟ್ಟು ಬಹಳ ಕಾಲವಾದವರು, ಎಂಬ ಆಕ್ಷೇಪವೂ ಬಂದಿತು. ಮಲಗುವ ಕೋಣೆಯ ದೀಪದ ವಿಚಾರವಾಗಿ ಒಂದು ಲಕ್ಷಕ್ಕೂ ಮೀರಿದ ಹೆಂಗಸರನ್ನು ವಿಚಾರಿಸಿದ ಇಂಗ್ಲೆಂಡಿನದೇ ಇನ್ನೊಂದು ಅಧ್ಯಯನ ೨೦೧೮ರಲ್ಲಿ, ಅದಕ್ಕೂ ರೋಗಕ್ಕೂ ಸಂಬಂಧ ಕಾಣದು ಎಂದಿತು. ವಯಸ್ಸು, ಮನೆತನದಿಂದ ಬಂದ ದೋಷ, ಹೆರಿಗೆ ಮತ್ತು ಎದೆಹಾಲಿನ ಲೆಕ್ಕ, ಮೈತೂಕ, ಮದ್ಯಪಾನ – ಈ ರೋಗಕ್ಕೆ ಎಳೆಗಳು ಹಲವು. ರಾತ್ರಿಯ ಬೆಳಕು ಅವುಗಳಲ್ಲಿ ಒಂದು ಎಳೆಯಾಗಿರಬಹುದು. ದಪ್ಪವೋ ತೆಳುವೋ ಇನ್ನೂ ನಿಷ್ಕರ್ಷೆಯಾಗಿಲ್ಲ. ‘ಬಹುಶಃ’ ಎಂಬ ಮಾತನ್ನು ಆ ವಿದ್ವಾಂಸರು ತೂಗಿ ಆಡಿದ್ದಾರೆ. ಫೋನಿನ ಸುದ್ದಿ ಆ ಒಂದು ಪದವನ್ನು ಬಿಟ್ಟಿತ್ತು.

ನನ್ನನ್ನು ಕಾಡಿದ ಪ್ರಶ್ನೆ ಇಲ್ಲಿಂದ ಮುಂದಿನದು. ‘ಬಹುಶಃ’ ಎಂದು ಗೊತ್ತಿರುವಾಗ ನಾವು ಹೇಗೆ ನಡೆದುಕೊಳ್ಳಬೇಕು? ನಿಶ್ಚಯವಾಗಿ ವಿಷವೆಂದು ತಿಳಿದ ಮೇಲೆ ಕೈ ತೊಳೆಯುವುದಕ್ಕೆ ಧರ್ಮಶಾಸ್ತ್ರ ಬೇಕಿಲ್ಲ. ನಿಶ್ಚಯವಾಗದ ಈ ನಡುಗಾಲದಲ್ಲಿ ಅನುಮಾನದ ಹೊರೆ ಯಾರ ತಲೆಯ ಮೇಲಿರಬೇಕು?

ಈ ಪ್ರಶ್ನೆಗೆ ನಮ್ಮ ಸೀಮೆಗಿಂತ ತಕ್ಕ ಜಾಗ ನನಗೆ ತೋರದು. ನಮ್ಮ ಊರಿನ ಹಳೆಯ ಹೆಸರು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. ಸೂರ್ಯನ ಹೆಸರು ಹೊತ್ತ ಊರು. ಆದರೆ ಸೂರ್ಯನನ್ನು ಕೆಲಸದಿಂದ ಬಿಡಿಸಿದ್ದು ನೆರೆಯ ಕೋಲಾರದ ಚಿನ್ನದ ಗಣಿ. ಕಾವೇರಿಯ ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ತಂತಿ ಎಳೆದು, ೧೯೦೨ರ ಜೂನ್ ತಿಂಗಳಲ್ಲಿ ಗಣಿಗೆ ವಿದ್ಯುತ್ತು ತಂದರು. ಅಷ್ಟು ದೂರ ವಿದ್ಯುತ್ತು ಸಾಗಿದ ಮಾರ್ಗಗಳು ಆಗ ಜಗತ್ತಿನಲ್ಲಿಯೇ ವಿರಳ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ಊರಿಗೆ ಮೊದಲು ಉದ್ಯಮಕ್ಕೆ ದೀಪ. ಇದು ನೆನಪಿಡಬೇಕಾದ ಸಂಗತಿ. ಗಣಿಯಲ್ಲಿ ಹಗಲಿರುಳೆನ್ನದೆ ಮೂರು ಪಾಳಿ ನಡೆಯಿತು. ನಮ್ಮ ಪಾಲು ಏನೆಂದರೆ, ಪಾಲಾರಿಗೆ ಕಟ್ಟಿದ ನಮ್ಮ ಕೆರೆಯ ನೀರು ಕೊಳವೆಯಲ್ಲಿ ಗಣಿಯ ಊರಿಗೆ ಹೋಗುತ್ತಿತ್ತು. ನಾನು ಹುಡುಗನಾಗಿದ್ದಾಗ ಏರಿಯ ಮೇಲೆ ನಿಂತರೆ ನೈರುತ್ಯದ ಆಕಾಶದಲ್ಲಿ ಮಂಕು ಹಳದಿ ಬೆಳಕು ಕಾಣುತ್ತಿತ್ತು. “ಅಲ್ಲಿ ರಾತ್ರಿಯೇ ಆಗೋದಿಲ್ಲ” ಎಂದು ದೊಡ್ಡವರು ಹೆಮ್ಮೆಯಿಂದ ಹೇಳುತ್ತಿದ್ದರು. ನಾವೂ ಬೆರಗಾಗಿ ನೋಡುತ್ತಿದ್ದೆವು.

ಆ ಬೆಳಕಿನ ಕೆಳಗೆ, ನೆಲದಡಿಯಲ್ಲಿ, ಇನ್ನೊಂದು ಕಥೆ ನಡೆಯುತ್ತಿತ್ತು. ಬಂಡೆ ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ನೆಲಸಿ ಸಿಲಿಕೋಸಿಸ್ ಎಂಬ ರೋಗ ತರುತ್ತದೆ. ಆಳದ ಗಣಿಗಾರಿಕೆ ಇಲ್ಲಿ ಆರಂಭವಾದದ್ದು ೧೮೮೦ರ ದಶಕದಲ್ಲಿ. ವೈದ್ಯರು ಸಾವಿರಾರು ಕೆಲಸಗಾರರ ಎದೆಯನ್ನು ಕ್ರಮವಾಗಿ ಪರೀಕ್ಷಿಸಿ ಈ ರೋಗವನ್ನು ದಾಖಲೆಗೆ ತಂದದ್ದು ೧೯೪೦ರ ದಶಕದಲ್ಲಿ. ಈ ಎರಡು ದಶಕಗಳ ನಡುವೆ ಎರಡು ತಲೆಮಾರು ಕೆಮ್ಮಿ ಕೆಮ್ಮಿ ಹೋದವು. ಆ ಕಾಲದಲ್ಲಿ ಯಾರನ್ನಾದರೂ ಕೇಳಿದ್ದರೆ, ‘ಈ ಗಣಿಯಲ್ಲಿ ಧೂಳಿನಿಂದ ರೋಗ ಬರುವುದು ನಿಶ್ಚಯವಾಗಿಲ್ಲ’ ಎಂದೇ ಹೇಳುತ್ತಿದ್ದರು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ. ಎಣಿಸದ ರೋಗ ಇಲ್ಲದ ರೋಗದಂತೆಯೇ ಕಾಣುತ್ತದೆ. ಆದರೆ ನಿಶ್ಚಯವಾಗುವ ತನಕ ಕಾಯುವ ಖರ್ಚನ್ನು ಕೊಟ್ಟವರು ಯಾರು? ಚಿನ್ನ ಕೊಂಡುಹೋದವರಲ್ಲ, ಇಳಿದು ಅಗೆದವರು, ತಮ್ಮ ಉಸಿರಿನಿಂದ. ಗಣಿ ೨೦೦೧ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ಆ ಪಾಠವೂ ಉಳಿಯಬೇಕಾಗಿತ್ತು.

ಆ ಮೂರು ಪಾಳಿಯ ಕಾಲದಲ್ಲಿ ಹೆಂಗಸರ ರಾತ್ರಿಗೆ ಕಾನೂನಿನ ಕಾವಲು ಬಂದಿತು. ಉದ್ಯಮಗಳಲ್ಲಿ ಹೆಂಗಸರಿಂದ ರಾತ್ರಿ ಕೆಲಸ ಮಾಡಿಸಬಾರದೆಂದು ೧೯೦೬ರಲ್ಲಿಯೇ ಯೂರೋಪಿನ ರಾಷ್ಟ್ರಗಳು ಬರ್ನ್ ನಗರದಲ್ಲಿ ಒಪ್ಪಂದ ಮಾಡಿಕೊಂಡವು. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದನ್ನು ಎತ್ತಿಕೊಂಡಿತು. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆಯೂ ೧೯೫೨ರ ಗಣಿ ಕಾಯಿದೆಯೂ ಹೆಂಗಸರಿಗೆ ಬೆಳಗಿನ ಆರರಿಂದ ಸಂಜೆ ಏಳರ ತನಕ ಮಾತ್ರ ಕೆಲಸವೆಂದವು. ನೆಲದಡಿಯ ಕೆಲಸವಂತೂ ಕೂಡದು. ಕಾಯಿದೆ ಮಾಡಿದವರಿಗೆ ಮೆಲಟೋನಿನ್ ಗೊತ್ತಿರಲಿಲ್ಲ. ಹೆಂಗಸಿನ ಮೈಬಲ ಕಡಿಮೆ, ಆಕೆಯ ಮಾನಕ್ಕೆ ಇರುಳಿನಲ್ಲಿ ಅಪಾಯ, ಮನೆ ನೋಡುವವರು ಬೇಕು – ಇವು ಅವರ ಕಾರಣಗಳು. ಅದರಲ್ಲಿ ದಯೆಯೂ ಇತ್ತು, ಯಜಮಾನಿಕೆಯೂ ಇತ್ತು. ರಾತ್ರಿಯ ಕೆಲಸದ ಜೊತೆಗೆ ರಾತ್ರಿಯ ಸಂಬಳವೂ, ಅದರಿಂದ ಬರುವ ಸ್ವಾತಂತ್ರ್ಯವೂ ಗಂಡಸಿನ ಪಾಲಾಯಿತು. ಇನ್ನೊಂದು ವಿನೋದ ನೋಡಿ: ಆಸ್ಪತ್ರೆ ಕಾರ್ಖಾನೆಯಲ್ಲ, ಆದುದರಿಂದ ದಾದಿಯ ರಾತ್ರಿಗೆ ಈ ದಯೆ ಅನ್ವಯಿಸಲಿಲ್ಲ. ಹೆಂಗಸು ದಣಿಯುವುದು ಕಾರ್ಖಾನೆಯಲ್ಲಿ ಮಾತ್ರ ಎಂದು ಕಾಯಿದೆ ನಂಬಿತ್ತು!

ಬೇಲಿ ಈಚೆಗೆ ಒಂದೊಂದಾಗಿ ಬಿಚ್ಚಿತು. ೨೦೦೦ನೆಯ ಇಸವಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ, ಕಾರ್ಖಾನೆ ಕಾಯಿದೆಯ ಆ ನಿಷೇಧ ಸಮಾನತೆಗೆ ವಿರುದ್ಧವೆಂದಿತು. ೨೦೧೯ರಲ್ಲಿ ಗಣಿಗಳ ಮೇಲ್ಭಾಗದ ರಾತ್ರಿ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ೨೦೨೩ರಲ್ಲಿ ಕರ್ನಾಟಕದ ಶಾಸಕಾಂಗ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದಿತು. ಸಂಸತ್ತು ೨೦೨೦ರಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆಯಲ್ಲಿಯೂ ಇದೇ ದಾರಿ: ಹೆಂಗಸು ಒಪ್ಪಿದರೆ, ರಕ್ಷಣೆಯ ಏರ್ಪಾಡಿದ್ದರೆ, ರಾತ್ರಿ ಕೆಲಸ ಮಾಡಬಹುದು. ನಾನು ಇದನ್ನು ತಪ್ಪೆನ್ನಲಾರೆ. ಬೇಡವೆನ್ನುವ ಹಕ್ಕು ಎಷ್ಟು ದೊಡ್ಡದೋ ಬೇಕೆನ್ನುವ ಹಕ್ಕೂ ಅಷ್ಟೇ ದೊಡ್ಡದು. ಎದುರು ಮನೆಯ ಹುಡುಗಿ ಸಂಬಳ ತಂದು ತಾಯಿಯ ಕೈಗೆ ಕೊಡುವಾಗ ಆಕೆಯ ಮುಖ ನೋಡಿದವರು ಯಾರೂ ಹಳೆಯ ಬೇಲಿಯನ್ನು ಮತ್ತೆ ಹಾಕಿ ಎನ್ನಲಾರರು.

ಆದರೆ ‘ಒಪ್ಪಿಗೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗೊತ್ತಿಲ್ಲದ್ದಕ್ಕೆ ಒಪ್ಪುವುದು ಒಪ್ಪಿಗೆಯಲ್ಲ. ಕುರುಡನಿಂದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಂತೆ. ಬಸ್ಸು ಬರುತ್ತದೆ, ಕಾವಲುಗಾರರಿದ್ದಾರೆ, ಕ್ಯಾಮರಾ ಇದೆ, ಎಂದು ಹೇಳಿ ಸಹಿ ಹಾಕಿಸುವುದು ಸರಿಯೇ. ದಾರಿಯ ಅಪಾಯವನ್ನು ನಾವು ಎಣಿಸಿದ್ದೇವೆ. ಮೈಯೊಳಗಿನ ಅಪಾಯ ಇರಬಹುದೆಂಬುದನ್ನು ಆ ಕಾಗದದಲ್ಲಿ ಒಂದು ಸಾಲಾದರೂ ಬರೆಯಬೇಡವೆ? ಇನ್ನೊಂದು: ಬೇರೆ ದಾರಿಯಿಲ್ಲದವರ ಒಪ್ಪಿಗೆ ಅರ್ಧ ಒಪ್ಪಿಗೆ. ‘ಬಿಟ್ಟು ಏನು ಮಾಡಲಿ’ ಎಂದವಳ ಸಹಿಯಲ್ಲಿ ಆಕೆಯ ಇಚ್ಛೆ ಎಷ್ಟು, ಸಾಲದ ಕಂತು ಎಷ್ಟು, ಎಂದು ತೂಗುವವರಾರು? ಹಳೆಯ ಕಾಯಿದೆ ‘ನಿನಗೆ ತಿಳಿಯದು, ಮನೆಯಲ್ಲಿರು’ ಎಂದಿತು. ಹೊಸದನ್ನು ನಾವು ಜೋಪಾನವಾಗಿ ಬಳಸದಿದ್ದರೆ, ಅದು ‘ನೀನೇ ಒಪ್ಪಿದ್ದೆ, ಅನುಭವಿಸು’ ಎಂದೀತು. ಎರಡರಲ್ಲಿಯೂ ನಾವು ನುಣುಚಿಕೊಂಡಿದ್ದೇವೆ.

ಹಾಗಾದರೆ ರಾತ್ರಿ ಕೆಲಸವನ್ನೇ ಯಾರಿಗೂ ಇಲ್ಲದಂತೆ ಮಾಡಿದರೆ? ಒಂದು ದಿನ ಹೀಗೂ ಯೋಚಿಸಿದೆ. ಆಗ ನೆನಪಾದದ್ದು ಕೆಲವು ವರ್ಷದ ಹಿಂದಿನ ಮಾತು. ನನ್ನ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಒಂಬತ್ತು ರಾತ್ರಿ ಇದ್ದೆವು. ಒಬ್ಬಳು ದಾದಿ ಎರಡು ಗಂಟೆಗೊಮ್ಮೆ ಬಂದು ನಾಡಿ ನೋಡಿ, ಹನಿಯುತ್ತಿದ್ದ ಔಷಧಿಯನ್ನು ಸರಿಮಾಡಿ, ಹೊದಿಕೆ ಎಳೆದು ಹೋಗುತ್ತಿದ್ದಳು. ಮೂರನೆಯ ರಾತ್ರಿ ಜ್ವರ ಏರಿದ್ದನ್ನು ಮೊದಲು ಕಂಡವಳು ಅವಳೇ. ನಾನು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಕೈಮುಗಿದು ಹಣ್ಣು ಕೊಟ್ಟು ಬಂದೆವು. ಇಪ್ಪತ್ತು ವರ್ಷ ಇಂಥ ರಾತ್ರಿಗಳನ್ನು ಕಳೆದರೆ ಅವಳ ಮೈಗೆ ಏನಾದೀತೆಂದು ಆಗ ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ. ರಾತ್ರಿ ಎಚ್ಚರಿರುವವರು ಬೇಕು: ಆಸ್ಪತ್ರೆಗೆ, ರೈಲಿಗೆ, ವಿದ್ಯುತ್ತಿಗೆ. ಎಲ್ಲ ರಾತ್ರಿ ಕೆಲಸವೂ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ಜೀವ ಉಳಿಸಲು ಎಚ್ಚರಿರುವುದು ಬೇರೆ. ಯಂತ್ರ ಸುಮ್ಮನೆ ನಿಂತರೆ ಬಂಡವಾಳಕ್ಕೆ ನಷ್ಟವೆಂದು ಎಚ್ಚರಿರುವುದು ಬೇರೆ. ಎರಡನೆಯದಕ್ಕೆ ಜವಾಬು ಹೆಚ್ಚು ಬಿಗಿಯಾಗಿ ಕೇಳಬೇಕು. ಆದರೆ ಎರಡೂ ನಮಗಾಗಿ ನಡೆಯುತ್ತವೆ. ನಾವು ಮಲಗಿರುವಾಗ ಯಾರೋ ಮಲಗದೆ ಇರುವುದರಿಂದ ನಮ್ಮ ಬೆಳಗು ಸುಗಮವಾಗುತ್ತದೆ. ಆ ನಿದ್ರೆ ನಮ್ಮ ಲೆಕ್ಕದಲ್ಲಿ ಸಾಲವಾಗಿ ಬರೆಯಬೇಕಾದದ್ದು.

ಸಾಲವೆಂದು ಒಪ್ಪಿದವರು ಹೇಗೆ ನಡೆದುಕೊಂಡರು ಎಂಬುದಕ್ಕೆ ಡೆನ್ಮಾರ್ಕ್ ದೇಶದ ಉದಾಹರಣೆಯಿದೆ. ೨೦೦೭ರ ಆ ‘ಬಹುಶಃ’ ಹೊರಬಿದ್ದ ಮೇಲೆ, ಇಪ್ಪತ್ತು ವರ್ಷಕ್ಕೂ ಮೀರಿ ವಾರಕ್ಕೊಂದಾದರೂ ರಾತ್ರಿ ಕೆಲಸ ಮಾಡಿ ಸ್ತನದ ಕ್ಯಾನ್ಸರಿಗೆ ತುತ್ತಾದ ಸುಮಾರು ನಲವತ್ತು ಹೆಂಗಸರಿಗೆ ಅಲ್ಲಿ ಪರಿಹಾರ ಕೊಟ್ಟರು; ೨೦೦೯ರಲ್ಲಿ ಸುದ್ದಿ ಜಗತ್ತಿಗೆಲ್ಲ ಹರಡಿತು. ಆ ನಲವತ್ತರಲ್ಲಿ ಇಂಥವಳಿಗೆ ರಾತ್ರಿಯಿಂದಲೇ ರೋಗ ಬಂದಿತೆಂದು ಯಾವ ವೈದ್ಯನೂ ಪ್ರಮಾಣ ಮಾಡಿ ಹೇಳಲಾರ. ಆದರೂ ಕೊಟ್ಟರು. ವಿಜ್ಞಾನ ಪೂರ್ತಿ ನಿಶ್ಚಯವಾಗುವವರೆಗೆ ಆ ಹೆಂಗಸರು ಕಾಯಲಾರರು ಎಂಬುದನ್ನು ಅಲ್ಲಿಯವರು ಅರಿತರು. ವಿದ್ವಾಂಸನಿಗೆ ಅನುಮಾನ ಗೌರವದ ಮಾತು; ಇನ್ನೂ ಹತ್ತು ವರ್ಷ ಲೆಕ್ಕ ಹಾಕಬಹುದು. ಪಾಳಿ ಮಾಡುವವಳಿಗೆ ಅದೇ ಹತ್ತು ವರ್ಷ ಆಯುಸ್ಸಿನ ಭಾಗ. ಆದುದರಿಂದ ನನಗೆ ತೋರಿದ ತೀರ್ಮಾನ ಇಷ್ಟೇ: ಸಂಗತಿ ಅನಿಶ್ಚಿತವಾಗಿರುವಾಗ, ಆ ಅನುಮಾನದ ಹೊರೆಯನ್ನು ಲಾಭ ಪಡೆಯುವವರು ಹೊರಬೇಕು, ಮೈ ಒಡ್ಡುವವರಲ್ಲ.

ಹೊರುವುದೆಂದರೆ ದೊಡ್ಡ ಮಾತೇನೂ ಅಲ್ಲ. ತಿಳಿದಷ್ಟನ್ನು, ತಿಳಿದ ಹಾಗೆಯೇ, ಆಕೆಯ ಭಾಷೆಯಲ್ಲಿ ಹೇಳುವುದು. ಸಾಲಾಗಿ ಹಲವು ರಾತ್ರಿ ಹಾಕದಿರುವುದು, ವರ್ಷಗಟ್ಟಲೆ ಒಬ್ಬಳನ್ನೇ ಅದಕ್ಕೆ ಕಟ್ಟಿಹಾಕದಿರುವುದು. ಯಾರು ಎಷ್ಟು ರಾತ್ರಿ ದುಡಿದರೆಂಬ ಲೆಕ್ಕವನ್ನು ಕೆಲಸ ಬಿಟ್ಟ ಮೇಲೂ ಜೋಪಾನವಾಗಿ ಇಡುವುದು. ಆ ಲೆಕ್ಕವಿಲ್ಲದೆ ನಾಳೆ ಯಾವ ವೈದ್ಯನೂ ಏನನ್ನೂ ಹೇಳಲಾರ. ಕಾಲಕಾಲಕ್ಕೆ ಖರ್ಚಿಲ್ಲದೆ ತಪಾಸಣೆ. ಹೆಂಗಸು ಗಂಡಸು ಎನ್ನದೆ ರಾತ್ರಿ ದುಡಿಯುವ ಎಲ್ಲರಿಗೂ ಪುಕ್ಕಟೆ ಆರೋಗ್ಯ ಪರೀಕ್ಷೆಯ ಹಕ್ಕಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೯೦ರಲ್ಲಿಯೇ ಒಡಂಬಡಿಕೆ ಬರೆಯಿತು. ಎಲ್ಲರಿಗೂ ಎಂಬುದು ಮುಖ್ಯ. ೨೦೧೯ರ ಪರಿಶೀಲನೆಯಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಬಗೆಗೂ ಅನುಮಾನ ಬಂದಿದೆ. ಗಣಿಯ ಮೂರನೆಯ ಪಾಳಿಯಿಂದ ಮನೆಗೆ ಬಂದು, ತಗಡಿನ ಸೂರಿನ ಕೆಳಗೆ ಹಗಲು ಮಲಗಲು ಹೆಣಗಿದವರ ಆ ಲೆಕ್ಕವನ್ನು ಯಾರೂ ಇಡಲಿಲ್ಲ.

ಮುಂದಿನ ಭಾನುವಾರ ಹುಡುಗಿಯನ್ನು ಕರೆದೆ. ಹೆಂಡತಿ ಕಾಫಿ ತಂದಿಟ್ಟಳು. ಓದಿದ್ದನ್ನೆಲ್ಲ ಬೆರಳು ಮಡಿಸಿ ಹೇಳಿದೆ: ಹೆದರಿ ಓಡುವ ಮಾತಲ್ಲ, ನಕ್ಕು ಬಿಡುವ ಮಾತೂ ಅಲ್ಲ, ಒಂದೆರಡು ವರ್ಷದ ಪಾಳಿಯ ಬಗೆಗಲ್ಲ, ದಶಕಗಟ್ಟಲೆ ಮಾಡಿದವರ ಬಗೆಗೇ ಅನುಮಾನ ಹೆಚ್ಚು, ಹಗಲು ಪಾಳಿ ಸಿಗುವ ಅವಕಾಶ ಬಂದಾಗ ಸಂಕೋಚಪಡದೆ ಕೇಳು, ಹಗಲು ಮಲಗುವಾಗ ಕೋಣೆ ಕತ್ತಲಾಗಿರಲಿ, ಎದೆಯಲ್ಲಿ ಗಂಟು ಏನಾದರೂ ಕಂಡರೆ ನಾಚಿಕೆಯಿಂದ ಮುಚ್ಚಿಡದೆ ಡಾಕ್ಟರಿಗೆ ತೋರಿಸು, ಮೊದಲಿಗೇ ಹಿಡಿದರೆ ಈ ರೋಗ ಬಹುಪಾಲು ವಾಸಿಯಾಗುತ್ತದೆ.

“ಅಂದರೆ ಬಿಡಬೇಕಾಗಿಲ್ಲ ಅಂತೀರಾ?” ಎಂದಳು.

“ಬಿಡು ಅನ್ನೋ ಅಧಿಕಾರ ನನಗಿಲ್ಲಮ್ಮ. ಹೋದ ವಾರ ತಿಳಿಯದೆ ಅಂದೆ. ಗೊತ್ತಿರೋದನ್ನು ನಿನಗೆ ಹೇಳಬೇಕಾದ್ದು ಮಾತ್ರ ನನ್ನ ಕೆಲಸ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತಲೇ, “ಕತ್ತಲಲ್ಲಿ ಮಲಗು ಅಂದಿರಲ್ಲ ಮೇಷ್ಟ್ರೇ, ರಜಾ ದಿನ ರಾತ್ರೀನಾದರೂ ಮಲಗೋಣ ಅಂದರೆ ನಿಮ್ಮ ಗೇಟಿನ ಲೈಟು ನೆಟ್ಟಗೆ ನಮ್ಮ ಕಿಟಕಿಗೇ ಹೊಡೆಯುತ್ತೆ” ಎಂದಳು.

ನಾನು ತಲೆ ತಗ್ಗಿಸಿದೆ. ಹೋದ ವರ್ಷ ಬೀದಿಯಲ್ಲಿ ಕಳ್ಳತನವಾಯಿತೆಂದು, ಕಣ್ಣು ಕುಕ್ಕುವಂಥ ಬಿಳಿಯ ದೀಪ ತಂದು ಗೇಟಿಗೆ ಹಾಕಿಸಿದವನು ನಾನೇ. ಅದು ರಾತ್ರಿಯೆಲ್ಲ ಉರಿಯುತ್ತದೆ. ಅದು ಯಾರ ಕಣ್ಣಿಗೆ ಬೀಳುತ್ತದೆಂದು ಒಂದು ದಿನವೂ ನೋಡಿರಲಿಲ್ಲ. ಅದರಿಂದ ರೋಗ ಬರುತ್ತದೆಂದು ನಾನು ಹೇಳಲಾರೆ. ಇಂಗ್ಲೆಂಡಿನ ಲೆಕ್ಕವಂತೂ ಇಲ್ಲವೆನ್ನುತ್ತದೆ. ಆದರೆ ದಣಿದ ಹುಡುಗಿಗೆ ಸಿಗುವ ಒಂದೆರಡು ರಾತ್ರಿಯನ್ನೂ ಕದಿಯುವುದಕ್ಕೆ ನನ್ನ ಭಯ ಸಾಕಾದ ಕಾರಣವೆಂದು ಯಾವ ಲೆಕ್ಕದಲ್ಲಿ ಹೇಳಲಿ? ಕಾರ್ಖಾನೆಯವರಿಗೂ ಸರ್ಕಾರಕ್ಕೂ ಬುದ್ಧಿ ಹೇಳಲು ಕೂತವನ ಮನೆಯ ಮುಂದೆಯೇ ಇದು!

ಆ ರಾತ್ರಿ ಹತ್ತು ಗಂಟೆಗೆ ಹೋಗಿ ಗುಂಡಿ ಒತ್ತಿದೆ. “ಕಳ್ಳರು ಬಂದರೆ?” ಎಂದಳು ಹೆಂಡತಿ ಒಳಗಿನಿಂದ. “ಬಂದರೆ ಅವರದೂ ರಾತ್ರಿ ಪಾಳಿಯೇ, ಪಾಪ” ಎಂದೆ. ಬೀದಿ ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡು, ಎದುರು ಮನೆಯ ಹೆಂಚು, ಅದರಾಚೆ ಹುಣಸೆಮರದ ತಲೆ, ಅದರ ಮೇಲೆ ಚುಕ್ಕಿಗಳು, ಒಂದೊಂದಾಗಿ ಕಂಡವು. ಅಜ್ಜಿ ಇದನ್ನು ಕಂಡೇ ಆ ಮಾತು ಹೇಳುತ್ತಿದ್ದಳೋ, ಬರೀ ರೂಢಿಯಿಂದಲೋ, ನನಗೆ ತಿಳಿಯದು. ಎದುರು ಮನೆಯ ಕಿಟಕಿಯಲ್ಲಿ ಪರದೆ ಸರಿದಿತ್ತು. ಹುಡುಗಿ ಆಗಲೇ ಮಲಗಿರಬೇಕು. ನಾನು ಸದ್ದು ಮಾಡದೆ ಅಗಳಿ ಹಾಕಿಕೊಂಡೆ.